ತೊಟ್ಟಿಲ ಕೆಳಗಿನ ಸೀಸ

ಈ ಕೆಲಸಕ್ಕೆ ಹೊಸದಾಗಿ ಸೇರುವ ಹುಡುಗ ಹುಡುಗಿಯರು ಆಗಾಗ ನನ್ನ ಮನೆಗೆ ಬರುತ್ತಾರೆ. ಚಹಾ ಕುಡಿದು ಮುಗಿಸುವಷ್ಟರಲ್ಲಿ ಒಂದು ಪ್ರಶ್ನೆ ಬಂದೇ ಬರುತ್ತದೆ: ಭೂಮಿಯೊಳಗೆ ಅಷ್ಟು ವರ್ಷ ಇದ್ದಿರಲ್ಲ, ಹೆದರಿಕೆ ಆಗಲಿಲ್ಲವೇ? ಆಯಿತು, ಭಾಳ ಆಯಿತು. ಸುಳ್ಳು ಹೇಳಿ ಶೂರ ಅನ್ನಿಸಿಕೊಳ್ಳುವ ವಯಸ್ಸು ನನಗೆ ದಾಟಿದೆ. ಆದರೆ ಅವರು ಅಂದುಕೊಂಡ ಜಾಗದಲ್ಲಿ ಅಲ್ಲ. ನನ್ನ ಜೀವಮಾನದ ದೊಡ್ಡ ಹೆದರಿಕೆ ಇದ್ದದ್ದು ಇಳಕಲ್ಲಿನ ಒಬ್ಬ ನೇಕಾರನ ಮನೆಯಲ್ಲಿ, ಆಮೇಲೆ ಬಾಗಲಕೋಟೆಯ ವಿದ್ಯಾಗಿರಿಯಲ್ಲಿ ನನ್ನದೇ ಮಗಳ ತೊಟ್ಟಿಲ ಕೆಳಗೆ. ನನಗೆ ಯಾವಾಗ ಬಡ್ತಿ ಬಂತು, ಯಾರು ಶಾಲು ಹೊದಿಸಿದರು ಎಂಬುದನ್ನೆಲ್ಲ ಬಿಟ್ಟು ಅದನ್ನೇ ಬರೆಯುತ್ತೇನೆ.

ಮೊದಲು ಕೆಲಸ ಎಂಥದ್ದೆಂದು ತಿಳಿಯಬೇಕು. ಕೆಲವು ಪರಮಾಣುಗಳ ಒಳಗಿನ ಬೀಜ ತಾನಾಗಿಯೇ ಒಡೆಯುತ್ತದೆ. ಕೆಲವು ಕ್ಷಣದಲ್ಲಿ, ಕೆಲವು ವರ್ಷಗಳಲ್ಲಿ. ನಾವು ಹುಡುಕುತ್ತಿದ್ದದ್ದು ಒಡೆಯಲು ಈ ಜಗತ್ತಿನ ವಯಸ್ಸೂ ಸಾಲದಂಥ ಜಾತಿಯನ್ನು. ಒಂದೇ ಪರಮಾಣುವನ್ನು ಕಾಯುತ್ತ ಕೂತರೆ ಏನೂ ಕಾಣುವುದಿಲ್ಲ. ಅದಕ್ಕೆ ಲೆಕ್ಕವಿಲ್ಲದಷ್ಟನ್ನು ಒಂದೆಡೆ ಕೂಡಿಹಾಕಿ, ಸುತ್ತ ಆ ಒಡೆತದ ಸುಳಿವು ಹಿಡಿಯುವ ಡಿಟೆಕ್ಟರ್ ಕಟ್ಟಿ, ವರ್ಷಗಟ್ಟಲೆ ಕಾಯಬೇಕು. ಆಕಾಶದಿಂದ ಸದಾ ಕಣಗಳು ಸುರಿಯುತ್ತಿರುತ್ತವೆ. ಅವುಗಳ ಗದ್ದಲ ತಪ್ಪಿಸಲು ನೆಲದೊಳಗೆ ಇಳಿಯಬೇಕು. ಇಳಿದ ಮೇಲೂ ಕಲ್ಲು, ಗಾಳಿ, ಕಬ್ಬಿಣ, ನಮ್ಮ ಬೆವರು, ಎಲ್ಲದರಲ್ಲೂ ಒಂದಿಷ್ಟು ವಿಕಿರಣ ಇದ್ದೇ ಇದೆ. ಊಟದ ಬಾಳೆಹಣ್ಣಿನಲ್ಲೂ ಇದೆ, ಅದರಿಂದ ಯಾರೂ ಸತ್ತಿಲ್ಲ. ಆದರೆ ನಮ್ಮ ಡಿಟೆಕ್ಟರಿಗೆ ಬಾಳೆಹಣ್ಣೂ ವೈರಿ. ಈ ಮಾತನ್ನು ನೆನಪಿಡಿ. ನಾನು ಮರೆತದ್ದು ಇದನ್ನೇ.

ನನ್ನ ಮೊದಲ ವರ್ಷಗಳು ದಕ್ಷಿಣದ ಕಡೆಯ ಒಂದು ಆಳದ ಬಂಗಾರದ ಗಣಿಯಲ್ಲಿ ಕಳೆದವು. ಅಲ್ಲಿ ಕಬ್ಬಿಣದ ಕೊಳವೆಗಳನ್ನು ಪದರು ಪದರಾಗಿ ಒಟ್ಟಿದ, ಮನೆಯಷ್ಟು ದೊಡ್ಡ ಡಿಟೆಕ್ಟರ್ ಇತ್ತು. ನನ್ನ ಕೆಲಸ ಕೊಳವೆಗಳ ಅನಿಲ ನೋಡುವುದು, ತಂತಿ ಬದಲಿಸುವುದು. ಇಳಿಯುವ ಪಂಜರದಲ್ಲಿ ಮೊದಲ ದಿನ ಕಿವಿ ಮುಚ್ಚಿಹೋಗಿತ್ತು. ಒಂದು ದಿನ ಎಲ್ಲೋ ಪಕ್ಕದಲ್ಲಿ ಕಲ್ಲು ಸಿಡಿಯಿತು. ಆಳದ ಒತ್ತಡಕ್ಕೆ ಬಂಡೆ ತಾನೇ ಸಿಡಿಯುವುದುಂಟು. ಸದ್ದು ಕಿವಿಗಿಂತ ಮೊದಲು ಕಾಲಿಗೆ ಬಂತು, ದೀಪ ಹೋಯಿತು, ಧೂಳು ಬಾಯಿ ತುಂಬಿತು. ಜೊತೆಗಿದ್ದ ಹಳೆಯ ಗಣಿ ಕೆಲಸಗಾರ ನನ್ನ ಭುಜ ಒತ್ತಿ ಕೂರಿಸಿ, ಧೂಳು ಇಳಿಯುವ ತನಕ ಏಳಬೇಡ ಎಂದ. ಅರ್ಧ ಗಂಟೆ ಹಾಗೇ ಕೂತಿದ್ದೆವು. ಆ ಹೆದರಿಕೆ ದೊಡ್ಡದೇ, ಆದರೆ ಅದು ನನ್ನೊಬ್ಬನದಾಗಿತ್ತು, ಮೇಲೆ ಬಂದು ಬಿಸಿಲು ಕಂಡೊಡನೆ ಇಳಿದುಹೋಯಿತು.

ಆ ಡಿಟೆಕ್ಟರ್ ಮುಚ್ಚಿದ ಮೇಲೆ ನನ್ನನ್ನು ನನ್ನ ಊರ ಕಡೆಗೇ ಕಳಿಸಿದರು. ಹುನಗುಂದದಿಂದ ರಾಮಥಾಳದ ಕಡೆಗೆ ಹೋಗುವ ದಾರಿಯಲ್ಲಿ ಒಳಗೆ ತಿರುಗಿದರೆ ಒಂದು ಗುಡ್ಡ. ಯಾವ ಕಾಲದಲ್ಲೋ ಯಾರೋ ಬಂಗಾರಕ್ಕಾಗಿ ಅದರೊಳಗೆ ಸುರಂಗ ಕೊರೆದು, ಸಿಗದೆ ಬಿಟ್ಟುಹೋಗಿದ್ದರು. ಮುಂದೆ ಬೇರೆಲ್ಲೋ ಕಟ್ಟಬೇಕಾದ ದೊಡ್ಡ ಡಿಟೆಕ್ಟರಿಗೆ ಯಾವ ಕಲ್ಲು, ಯಾವ ಲೋಹ ಬಳಸಬಹುದೆಂದು ಪರೀಕ್ಷಿಸಲು ಆ ಸುರಂಗದ ಕೊನೆಯಲ್ಲಿ ಒಂದು ಸಣ್ಣ ಕೋಣೆ ಮಾಡಿದ್ದೆವು. ಮೂರೇ ಜನ. ಮುಖ್ಯಸ್ಥೆ ವಸುಧಾ ಮೇಡಂ ಮೈಸೂರು ಕಡೆಯವರು, ಏರಿದ ದನಿಯಲ್ಲಿ ಮಾತಾಡಿದ್ದನ್ನು ನಾನು ಕೇಳಿಲ್ಲ. ಜೀಪು, ಜನರೇಟರು ಎರಡನ್ನೂ ನೋಡಿಕೊಳ್ಳುವವನು ಹುಸೇನಸಾಬ. ಮೂರನೆಯವನು ನಾನು.

ಅಲ್ಲಿ ನನ್ನ ಮೊದಲ ತಪ್ಪು ನಗೆಪಾಟಲಿನದು. ಡಿಟೆಕ್ಟರಿನ ಪೆಟ್ಟಿಗೆ ಇಡಲು ಗಟ್ಟಿ ಕಟ್ಟೆ ಬೇಕಾಗಿತ್ತು. ನಮ್ಮ ಭಾಗದ ಕಲ್ಲಿನ ಅಭಿಮಾನ ನನಗೆ. ಇಳಕಲ್ಲಿನಿಂದ ಕೆಂಪು ಗ್ರಾನೈಟಿನ ಹಲಗೆ ತರಿಸಿ, ಕನ್ನಡಿಯ ಹಾಗೆ ಮೆರುಗು ಕೊಡಿಸಿ, ಎಂಟು ಜನರಿಂದ ಹೊರಿಸಿ ಒಳಗೆ ಕೂಡಿಸಿದೆ. ಮೇಡಂ ಡಿಟೆಕ್ಟರಿನ ಒಂದು ದಿನದ ಎಣಿಕೆ ನೋಡಿ, "ಕಲ್ಲು ಬಹಳ ಚೆನ್ನಾಗಿದೆ. ದಯವಿಟ್ಟು ಹೊರಗೆ ಇಡಿಸಿ" ಎಂದರು. ಗ್ರಾನೈಟಿನಲ್ಲಿ ಹುಟ್ಟಿನಿಂದಲೇ ಯುರೇನಿಯಂ, ಥೋರಿಯಂ ಸೇರಿಕೊಂಡಿರುತ್ತವೆ. ಮನೆಯ ನೆಲಕ್ಕೆ ಏನೂ ಬಾಧೆಯಿಲ್ಲ, ಡಿಟೆಕ್ಟರಿನೊಳಗೆ ವಿಕಿರಣ ಹಿಡಿಯುವ ನಮ್ಮ ಹರಳಿಗೆ ಅದು ಸಂತೆಯ ಗದ್ದಲ. ಬದಲಿಗೆ ಬಾದಾಮಿಯ ಮರಳುಗಲ್ಲು ತಂದೆವು, ಅದು ಸುಮ್ಮನಿತ್ತು. ಹುಸೇನಸಾಬ ಆ ಕೆಂಪು ಹಲಗೆಯನ್ನು ಸುರಂಗದ ಬಾಯಲ್ಲಿ ಹಾಕಿಕೊಂಡು ವರ್ಷಗಟ್ಟಲೆ ಅದರ ಮೇಲೆ ರೊಟ್ಟಿ ತಿಂದ. ತಿನ್ನುವಾಗೆಲ್ಲ ನನ್ನನ್ನು ಕರೆದು, ಸಾಹೇಬ್ರ ಡೈನಿಂಗ್ ಟೇಬಲ್ ಭಾರಿ ಐತಿ ಅನ್ನುತ್ತಿದ್ದ.

ಆ ತಪ್ಪಿನಿಂದ ಪಾಠ ಕಲಿತೆ ಅಂದುಕೊಂಡಿದ್ದೆ. ಎಲ್ಲಿ ಕಲಿತಿದ್ದೆ.

ಡಿಟೆಕ್ಟರಿನ ಸುತ್ತ ಗೋಡೆ ಕಟ್ಟಲು ಸೀಸ ಬೇಕು. ಹೊಸ ಸೀಸದಲ್ಲಿ ತನ್ನದೇ ಆದ ಸ್ವಲ್ಪ ವಿಕಿರಣ ಇರುತ್ತದೆ, ಕಾಲ ಕಳೆದಂತೆ ಅದು ತೀರುತ್ತದೆ. ಹಾಗಾಗಿ ನಮಗೆ ನೂರು ವರ್ಷ ದಾಟಿದ ಸೀಸ ಅಂದರೆ ಪ್ರೀತಿ. ಆ ಕಾಲಕ್ಕೆ ಅಣೆಕಟ್ಟಿನ ಹಿನ್ನೀರು ಬರುತ್ತದೆಂದು ಹಳೆಯ ಬಾಗಲಕೋಟೆಯ ಮನೆಗಳನ್ನು ಕೆಡವುತ್ತಿದ್ದರು. ನಾನು ಆ ಮಣ್ಣು ಗುಡ್ಡೆಗಳಲ್ಲಿ ಹಳೆಯ ಕೊಳವೆ ಹುಡುಕುತ್ತ ಓಡಾಡುವಾಗ ಇಳಕಲ್ಲಿನ ಮಾಂತೇಶ ಎಂಬ ನೇಕಾರ ಸಿಕ್ಕ. ನೆಲದ ತಗ್ಗಿನಲ್ಲಿ ಕೂತು ನೇಯುವ ತಮ್ಮ ಕುಣಿಮಗ್ಗದಲ್ಲಿ ಎಳೆ ಬಿಗಿಯಾಗಿರಲೆಂದು ತೂಗುಬಿಟ್ಟ ಗುಂಡುಗಳು ಸೀಸದವು ಎಂದ. ಅವನ ಮುತ್ತಜ್ಜ ಕಲಾದಗಿಯಲ್ಲಿ ಬ್ರಿಟಿಷರ ದಂಡು ಇದ್ದಾಗ, ಸೈನಿಕರು ಗುರಿ ಹೊಡೆಯುತ್ತಿದ್ದ ದಿಬ್ಬದ ಮಣ್ಣು ಜರಡಿ ಹಿಡಿದು ಬಂದೂಕಿನ ಗುಂಡು ಆರಿಸಿ, ಕರಗಿಸಿ ಇವನ್ನು ಎರಕ ಹೊಯ್ದಿದ್ದನಂತೆ. ನನಗೆ ಬಾಯಲ್ಲಿ ನೀರು ಬಂತು.

ಅವರ ಮನೆಗೆ ಹೋದೆ. ಮಾಂತೇಶನ ತಾಯಿ ನೀಲವ್ವ ಮನೆಯ ಯಜಮಾನಿ, ಮಾತಿಗಿಂತ ಕಣ್ಣೇ ಜಾಸ್ತಿ. ಮಗ್ಗದ ಕುಣಿಯಲ್ಲಿ ಸೊಸೆ ಗಿರಿಜಾ ಕೂತಿದ್ದಳು. ಮದುವೆಯಾಗಿ ಐದು ವರ್ಷಕ್ಕೆ ಮೊದಲ ಬಸಿರು, ಮೂರು ತಿಂಗಳು. ಅಷ್ಟು ವರ್ಷ ಹರಕೆ ಹೊತ್ತು ಹೊತ್ತು ಆ ಮನೆ ಸೋತಿತ್ತು. ಗುಂಡುಗಳು ಅವಳ ಮೊಣಕೈಯಷ್ಟು ದೂರದಲ್ಲಿ ತೂಗುತ್ತಿದ್ದವು. ಪರೀಕ್ಷೆಗೆಂದು ಆರು ಗುಂಡು ಬಿಚ್ಚಿಕೊಟ್ಟರು, ಅಷ್ಟೇ ತೂಕದ ಕಬ್ಬಿಣದ ಗುಂಡು ನಾನು ಕೊಟ್ಟೆ. ನೀಲವ್ವ ಅವನ್ನು ಒಂದು ಹಳೆಯ ಸೀರೆಯ ಮೆತ್ತನೆಯ ತುಂಡಿನಲ್ಲಿ ಕಟ್ಟಿಕೊಟ್ಟಳು. ಕಡಲೆಹಿಟ್ಟಿನ ಜುಣಕದ ಜೊತೆ ಜೋಳದ ರೊಟ್ಟಿ ತಿನ್ನಿಸದೆ ಬಿಡಲಿಲ್ಲ.

ಸುರಂಗದ ಬಾಯಿಗೆ ಬಂದಾಗ ಜನರೇಟರು ಕೆಟ್ಟಿತ್ತು. ಅಂಥ ಹೊತ್ತಿಗೆ ಬಾಯಲ್ಲಿ ಒಂದು ಗ್ಯಾಸ್‌ಬತ್ತಿ ಹಚ್ಚುತ್ತಿದ್ದೆವು, ಮದುವೆ ಮೆರವಣಿಗೆಯಲ್ಲಿ ತಲೆಯ ಮೇಲೆ ಹೊರುತ್ತಾರಲ್ಲ, ಅಂಥದ್ದು. ಅದನ್ನು ಒಳಗೆ ಒಯ್ಯಬಾರದು ಎಂದು ಮೇಡಂ ನಿಯಮ ಮಾಡಿದ್ದರು. ಹೊಗೆಗಾಗಿ ಇರಬೇಕು ಎಂದು ನಾವು ತಿಳಿದಿದ್ದೆವು. ಯಾಕೆ ಎಂದು ಕೇಳಿರಲಿಲ್ಲ, ಅವರೂ ಹೇಳಿರಲಿಲ್ಲ. ನಾನು ನಿಯಮ ಪಾಲಿಸಿದೆ. ಹೊರಗೇ ಕೂತು ಬತ್ತಿಯ ಸುಟ್ಟ ಮ್ಯಾಂಟಲ್ ತೆಗೆದೆ, ಆ ಬಲೆಯಂಥ ಬಿಳಿ ಚೀಲ ಕೈಯಲ್ಲೇ ಪುಡಿಯಾಯಿತು. ಹೊಸದನ್ನು ಕಟ್ಟಿ, ಪಕ್ಕದಲ್ಲಿದ್ದ ಸೀರೆ ತುಂಡಿಗೆ ಕೈ ಒರೆಸಿಕೊಂಡೆ. ದೀಪ ಬಂದ ಮೇಲೆ ಒಳಗೆ ಹೋಗಿ ಗುಂಡುಗಳನ್ನು ಒರೆಸಬೇಕಾಗಿತ್ತು. ಸ್ಪಿರಿಟ್ಟಿನ ಹೊಸ ಬಟ್ಟೆ ತೀರಿತ್ತು. ಇಳಕಲ್ಲಿನ ಹಳೆಯ ಸೀರೆಯಷ್ಟು ಮೆತ್ತಗಿನ ಬಟ್ಟೆ ಇನ್ಯಾವುದು ಎಂದು ಅದರಿಂದಲೇ ಆರನ್ನೂ ಚೊಕ್ಕ ಮಾಡಿ ಹರಳಿನ ಮೇಲಿಟ್ಟು ಮುಚ್ಚಿದೆ. ಡಿಟೆಕ್ಟರಿನ ಪುಸ್ತಕದಲ್ಲಿ ಎಲ್ಲವನ್ನೂ ಬರೆದೆ, ಮ್ಯಾಂಟಲ್ ಬದಲಿಸಿದ್ದನ್ನು ಬಿಟ್ಟು. ಅದು ಡಿಟೆಕ್ಟರಿನ ಸುದ್ದಿಯೇ ಅಲ್ಲವಲ್ಲ!

ಎರಡು ವಾರ ಕಳೆದು ಮೇಡಂ ಕಾಗದದ ಮೇಲಿನ ಗೆರೆ ತೋರಿಸಿದರು. ಪ್ರತಿಯೊಂದು ಮೂಲವಸ್ತುವೂ ತನ್ನ ಜಾಗದಲ್ಲಿ ಒಂದು ಕೋಡು ಎಬ್ಬಿಸುತ್ತದೆ. ಬಲತುದಿಯಲ್ಲಿ, ಏನೂ ಇರಬಾರದ ಕಡೆ, ಥೋರಿಯಂ ಒಡೆದು ಹುಟ್ಟುವ ಸಂತತಿಯ ಕೋಡು ಎದ್ದು ನಿಂತಿತ್ತು. ನಾವು ಹುಡುಕುವ ಅಪರೂಪದ ಒಡೆತವನ್ನು ಹೂತುಹಾಕುವ ಕೋಡು ಅದೇ. ಎಲ್ಲಿಂದ ಬಂತೋ ಗೊತ್ತಿಲ್ಲ, ಇನ್ನೊಮ್ಮೆ ಎಣಿಸೋಣ, ಅಲ್ಲಿಯವರೆಗೆ ಹೊರಗೆ ಮಾತು ಬೇಡ ಎಂದರು. ನಾನು ಹೂಂ ಅಂದೆ. ಮರುದಿನವೇ ಇಳಕಲ್ಲಿಗೆ ಹೋದೆ.

ಯಾಕೆ ಹೋದೆ ಎಂದರೆ, ಆ ಹುಡುಗಿಯ ಹೊಟ್ಟೆಯ ಪಕ್ಕ ತೂಗುವ ಗುಂಡುಗಳೇ ಕಣ್ಣಿಗೆ ಕಟ್ಟಿದ್ದವು. ಒಳ್ಳೆಯದು ಮಾಡಲು ಹೋದೆ. ತಿಳಿದವನೆಂಬ ಜಂಬವೂ ಇತ್ತು, ಅದನ್ನು ಈಗ ಮುಚ್ಚಿಟ್ಟು ಏನು ಮಾಡಲಿ. ನಿಮ್ಮ ಸೀಸದಲ್ಲಿ ವಿಕಿರಣ ಇದೆ, ಬಸುರಿ ಹೆಂಗಸು ಹತ್ತಿರ ಕೂರುವುದು ಬೇಡ ಎಂದು ಹೇಳಿಬಿಟ್ಟೆ. ಹಿಂದಿನ ವರ್ಷವಷ್ಟೇ ಮರುಭೂಮಿಯಲ್ಲಿ ಅಣುಬಾಂಬಿನ ಪರೀಕ್ಷೆ ನಡೆದು, ವಿಕಿರಣ ಎಂಬ ಪದ ಎಲ್ಲರ ಬಾಯಲ್ಲಿತ್ತು. ನೀಲವ್ವ ಸೊಸೆಯ ರಟ್ಟೆ ಹಿಡಿದು ಕುಣಿಯಿಂದ ಮೇಲೆ ಎಬ್ಬಿಸಿದಳು. ಗಿರಿಜಾ ಕೈಯಲ್ಲಿದ್ದ ಲಾಳಿಯನ್ನು ಕೆಳಗಿಡುವುದನ್ನೂ ಮರೆತು ನನ್ನ ಮುಖ ನೋಡಿದಳು. ನಾನು ಸಮಾಧಾನದ ಒಂದೆರಡು ಮಾತು ಹೇಳಿ ಬಸ್ಸು ಹಿಡಿದೆ.

ಮುಂದಿನ ವಾರ ಹುಸೇನಸಾಬ ಸುದ್ದಿ ತಂದ. ಆ ಮನೆಯ ಮಗ್ಗ ನಿಂತಿದೆ, ಗುಂಡುಗಳನ್ನು ಹಿತ್ತಲಲ್ಲಿ ಹೂಳಿದ್ದಾರೆ, ಓಣಿಯವರು ಆ ಮನೆಯ ನೀರು ಮುಟ್ಟುತ್ತಿಲ್ಲ. ಆದರೂ ನಾನು ಹೇಳಿದ್ದು ಸರಿಯೇ ಎಂದುಕೊಂಡೆ. ಅವತ್ತು ಎರಡನೆಯ ಎಣಿಕೆಗೆ ತಯಾರಿ ಮಾಡುತ್ತಿದ್ದೆ. ಮೇಡಂ ಕೈಯಲ್ಲಿ ಹಿಡಿಯುವ ಒಂದು ಕೌಂಟರ್ ಕೊಟ್ಟಿದ್ದರು, ವಿಕಿರಣದ ಹತ್ತಿರ ಒಯ್ದರೆ ಟಿಕ್ ಟಿಕ್ ಅನ್ನುತ್ತದೆ. ಅದನ್ನು ಕೆಂಪು ಹಲಗೆಯ ಮೇಲೆ, ಗ್ಯಾಸ್‌ಬತ್ತಿಯ ಸಾಮಾನಿನ ಡಬ್ಬಿಯ ಪಕ್ಕ ಇಟ್ಟೆ. ಅದು ಒಂದೇ ಸಮನೆ ಬಡಬಡಿಸತೊಡಗಿತು. ಕಲ್ಲಿನದಿರಬೇಕು ಎಂದು ಎತ್ತಿಕೊಂಡೆ. ಡಬ್ಬಿಯ ಬಾಯಿಗೆ ಹಿಡಿದಾಗ ಇನ್ನೂ ಹೆಚ್ಚಾಯಿತು. ಒಳಗಿದ್ದದ್ದು ಹೊಸ ಮ್ಯಾಂಟಲ್‌ಗಳ ಪೊಟ್ಟಣ.

ಬೆಳಕು ಬೆಳ್ಳಗೆ ಬರಲೆಂದು ಮ್ಯಾಂಟಲ್ಲಿಗೆ ಥೋರಿಯಂ ಹಾಕುತ್ತಾರೆ. ಓದಿದ್ದೆ, ಪರೀಕ್ಷೆಯಲ್ಲೂ ಬರೆದಿದ್ದೆ. ಸೀರೆಯ ತುಂಡನ್ನು ಹುಡುಕಿ ಕೌಂಟರಿಗೆ ಹಿಡಿದೆ, ಅದಕ್ಕೂ ಟಿಕ್ ಅಂದಿತು. ಆ ಸೀಸದಲ್ಲಿ ಏನೂ ಇರಲಿಲ್ಲ. ಎಲ್ಲ ನನ್ನ ಕೈಯ ಬೂದಿ. ಇನ್ನೂ ಕೆಟ್ಟ ಮಾತೆಂದರೆ, ನಿಜವಾಗಿ ಅಷ್ಟು ಥೋರಿಯಂ ಆ ಸೀಸದಲ್ಲಿ ಇದ್ದಿದ್ದರೂ ಮನುಷ್ಯರಿಗೆ ಕೂದಲೂ ಕೊಂಕುತ್ತಿರಲಿಲ್ಲ. ಪಿಸುಮಾತು ಕೇಳಲು ಕಟ್ಟಿದ ಯಂತ್ರದ ಹೆದರಿಕೆಯನ್ನು ನಾನು ಒಂದು ಮನೆಯೊಳಗೆ ಇಟ್ಟು ಬಂದಿದ್ದೆ.

ಮೇಡಂಗೆ ಹೇಳಿದಾಗ ಬೈಯಲಿಲ್ಲ. ಪುಸ್ತಕ ಮುಂದಿಟ್ಟು, "ಬರೆಯಿರಿ" ಎಂದರು. ನಾನು ಬರೆಯುತ್ತಿರುವಾಗಲೇ, "ಸಾಕು, ಮೊದಲು ಆ ಮನೆಗೆ ಹೋಗಿ. ನಿಯಮದ ಕಾರಣ ಹೇಳದೆ ಇದ್ದದ್ದು ನನ್ನ ತಪ್ಪು, ಅದನ್ನು ನಾನು ಬರೆಯುತ್ತೇನೆ" ಎಂದರು.

ಇಳಕಲ್ಲಿನ ಮನೆಗೆ ಬೀಗ. ಪಕ್ಕದ ಮನೆಯ ಮುದುಕಿ ದೂರದಿಂದಲೇ ಹೇಳಿದಳು: ಬೆಳಿಗ್ಗೆ ಅತ್ತೆ ಸೊಸೆ ಬಾಗಲಕೋಟೆಯ ದವಾಖಾನೆಗೆ ಹೋದರು, ಗರ್ಭ ತೆಗೆಸಲು. ಕೈಕಾಲಿಲ್ಲದ ಕೂಸು ಹುಟ್ಟುತ್ತದಂತೆ. ಹಾಗೆಂದು ಯಾರು ಹೇಳಿದರು ಎಂದು ಕೇಳುವ ಧೈರ್ಯ ನನಗಾಗಲಿಲ್ಲ. ಹುಸೇನಸಾಬ ಜೀಪನ್ನು ಹುನಗುಂದ, ಅಮೀನಗಡ ದಾಟಿಸಿ ಹೇಗೆ ಓಡಿಸಿದನೋ ದೇವರೇ ಬಲ್ಲ. ಗಣಿಯ ಕಲ್ಲು ಸಿಡಿದಾಗ ಆದದ್ದು ಹೆದರಿಕೆಯೇ ಅಲ್ಲ ಎಂದು ನನಗೆ ಅವತ್ತು ಗೊತ್ತಾಯಿತು.

ಅವರು ದವಾಖಾನೆಯ ಪಡಸಾಲೆಯ ಬೆಂಚಿನ ಮೇಲೆ ಕೂತಿದ್ದರು. ಗಂಡನ ಸಹಿ ಬೇಕೆಂದು ಡಾಕ್ಟರು ಹೇಳಿದ್ದರಿಂದ ಮಾಂತೇಶನ ದಾರಿ ಕಾಯುತ್ತಿದ್ದರು. ಗಿರಿಜಾಳ ಹೊಟ್ಟೆ ಸೆರಗಿನ ಕೆಳಗೆ ಹಾಗೇ ಇತ್ತು. ನಾನು ನೆಲದ ಮೇಲೆ ಕೂತು, ಬೂದಿ, ಬಟ್ಟೆ, ಯಂತ್ರ ಎಲ್ಲವನ್ನೂ ಒದರಿಬಿಟ್ಟೆ. ನೀಲವ್ವ ಕೇಳಿಸಿಕೊಂಡಳು.

"ಮೊನ್ನಿ ನೀವ ಐತಿ ಅಂದ್ರಿ. ಇವತ್ತ ನೀವ ಇಲ್ಲ ಅಂತೀರಿ," ಎಂದಳು. "ಯಾವುದ್ ಖರೆ ಅನ್ಕೋಬೇಕ್ರಿ ನಾವು?"

ಎಣಿಕೆ, ಕೋಡು, ಅಂಕಿ ಎಲ್ಲ ಆ ಬೆಂಚಿನ ಮುಂದೆ ಸುಮ್ಮನಾದವು. ಡಾಕ್ಟರಿಗೆ ತೋರಿಸಲೆಂದು ಅಗೆದು ತಂದ ಒಂದು ಗುಂಡು ಅವಳ ಚೀಲದಲ್ಲಿತ್ತು. ಅದನ್ನು ಬೇಡಿದೆ.

"ನನಗ ಎಂಟ ತಿಂಗಳ ಮಗಳ ಅದಾಳ್ರಿ, ಇಲ್ಲೇ ವಿದ್ಯಾಗಿರಿಯಾಗ," ಎಂದೆ. "ಈ ಗುಂಡು ಆಕಿ ತೊಟ್ಟಲಕ್ಕ ಕಟ್ತೇನಿ. ಬಂದು ನೋಡ್ರಿ."

ಅಲ್ಲಿಯವರೆಗೆ ತಲೆ ಎತ್ತದ ಗಿರಿಜಾ ಎದ್ದು ನಿಂತಳು. "ಕಟ್ರಿ. ನಾ ನೋಡ್ತೇನಿ," ಎಂದಳು.

ಮನೆಯಲ್ಲಿ ಹೆಂಡತಿ ಕಸ್ತೂರಿಗೆ ಬಾಗಿಲಲ್ಲೇ ಎಲ್ಲ ಹೇಳಿದೆ. ಅವಳು ಬಂದವರ ಮುಖ ನೋಡಿ, ಒಳಗೆ ದಾರಿ ಬಿಟ್ಟಳು. ಮಗಳು ತೊಟ್ಟಿಲಲ್ಲಿ ನಿದ್ದೆ ಮಾಡುತ್ತಿದ್ದಳು. ಸೀಸ ಹೊಟ್ಟೆಗೆ ಹೋದರೆ ವಿಷ, ಅದು ಬೇರೆ ಮಾತು. ಅದಕ್ಕೆ ಬಿಗಿಯಾಗಿ ಬಟ್ಟೆ ಸುತ್ತಿ, ಹಲಗೆಯ ಕೆಳಗೆ, ಕೂಸಿನ ಬೆನ್ನಿನ ನೇರಕ್ಕೆ ಕಟ್ಟತೊಡಗಿದೆ. ನನಗೆ ಅಂಕಿ ಗೊತ್ತಿತ್ತು. ಅದರಲ್ಲಿ ಏನೂ ಇಲ್ಲವೆಂದು ಬೇರೆ ಯಾರಿಗಿಂತ ಚೆನ್ನಾಗಿ ಗೊತ್ತಿತ್ತು. ಆದರೂ ನನ್ನ ಕೈ ನಡುಗಿತು, ಗಂಟು ಎರಡು ಸಲ ಜಾರಿತು. ಗಿರಿಜಾ ಅದನ್ನು ನೋಡಿದಳು. ಅವರ ಮನೆಗೆ ನಾನು ಏನನ್ನು ಕೊಟ್ಟು ಬಂದಿದ್ದೆನೆಂದು ನನಗೆ ಆಗ ಅರ್ಥವಾಯಿತು.

ಅವತ್ತು ಅವರು ದವಾಖಾನೆಗೆ ಮರಳಲಿಲ್ಲ. ಆದರೆ ನಂಬಿದರು ಎಂದೂ ಅಲ್ಲ. ಹದಿನೈದು ದಿನಕ್ಕೊಮ್ಮೆ ಗಿರಿಜಾ ಬಸ್ಸು ಹತ್ತಿ ಬರುತ್ತಿದ್ದಳು. ಬಂದವಳು ಮೊದಲು ತೊಟ್ಟಿಲ ಕೆಳಗೆ ಬಗ್ಗಿ ಗುಂಡು ಮುಟ್ಟುವಳು, ಆಮೇಲೆ ನನ್ನ ಮಗಳ ಕಣ್ಣು, ನಾಲಿಗೆ, ಬೆರಳು ನೋಡುವಳು. ಚಹಾ ಕುಡಿದು ಹೋಗುವಳು. ಕೂಸು ಒಂದು ಸೀನು ಸೀನಿದರೂ ನಾನು ಎದ್ದು ಹೋಗಿ ಹಣೆ ಮುಟ್ಟುತ್ತಿದ್ದೆ. ನಾನು ಮನೆಯಲ್ಲೂ ಎಣಿಕೆ ಶುರುಮಾಡಿದ್ದೆ: ಎಷ್ಟು ಸಲ ಹಾಲು ಕುಡಿಯಿತು, ಎಷ್ಟು ಸಲ ಅತ್ತಿತು.

ಗಿರಿಜಾಳಿಗೆ ಏಳು ತಿಂಗಳು ತುಂಬಿದ್ದಾಗ ನನ್ನ ಮಗಳಿಗೆ ಜ್ವರ ಬಂತು. ಮೂರು ದಿನ ಇಳಿಯಲಿಲ್ಲ. ನಾಲ್ಕನೆಯ ದಿನ ನಾನು ಔಷಧ ತಂದು ನೋಡಿದರೆ ತೊಟ್ಟಿಲ ಕೆಳಗೆ ಗುಂಡಿಲ್ಲ. ಕಸ್ತೂರಿ ಅದನ್ನು ಬಿಚ್ಚಿ ಹಿತ್ತಲ ಕಟ್ಟೆಯ ಮೇಲೆ ಇಟ್ಟಿದ್ದಳು. ನಾನು ಏನೂ ಅನ್ನಲಿಲ್ಲ. ಅನ್ನಬೇಕಾಗಿತ್ತು, ತಿಳಿದವನು ನಾನು. ಆದರೆ ಒಳಗೊಳಗೇ ಹಗುರಾಯಿತು, ಅದು ನಿಜ. ಆ ದಿನವೇ ಗಿರಿಜಾ ಬಂದಳು. ಬಗ್ಗಿದಳು, ಕೈ ಆಡಿಸಿದಳು. ಕೂಸಿನ ಹಣೆ ಮುಟ್ಟಿದಳು. ತನ್ನ ಹೊಟ್ಟೆಯ ಮೇಲೆ ಎರಡೂ ಕೈ ಇಟ್ಟುಕೊಂಡು ಬಾಗಿಲ ಕಡೆ ತಿರುಗಿದಳು.

"ತಗದ್ರಿ," ಎಂದಳು. ಅಷ್ಟೇ.

ಕಸ್ತೂರಿ ಹಿತ್ತಲಿಗೆ ಹೋದಳು, ಗುಂಡು ತಂದಳು, ಜ್ವರದಿಂದ ನರಳುತ್ತಿದ್ದ ಕೂಸಿನ ಕೆಳಗೆ ಕೂತು ತಾನೇ ಕಟ್ಟಿದಳು. ಕಣ್ಣಲ್ಲಿ ನೀರು ಸುರಿಯುತ್ತಿತ್ತು.

"ಹೆದರಿ ತಗದಿದ್ನೆವ್ವಾ, ಏನರ ಗೊತ್ತಾಗಿ ತಗದಿಲ್ಲ," ಎಂದಳು. "ಕುಂದ್ರು. ಜ್ವರ ಇಳಿಯೂತನಕ ಇಲ್ಲೇ ಇರು."

ಗಿರಿಜಾ ಎರಡು ದಿನ ನಮ್ಮ ಮನೆಯಲ್ಲೇ ಇದ್ದಳು. ಇಬ್ಬರೂ ಸರದಿಯ ಮೇಲೆ ಒದ್ದೆ ಬಟ್ಟೆ ಹಾಕಿದರು. ಎರಡನೆಯ ದಿನ ಮೈಮೇಲೆ ದಡಾರದ ಕೆಂಪು ದದ್ದು ಎದ್ದವು. ಗಿರಿಜಾಳಿಗೆ ದಡಾರ ಚಿಕ್ಕಂದಿನಲ್ಲೇ ಬಂದು ಹೋಗಿತ್ತು. ಇದು ತನಗೆ ಗೊತ್ತಿದ್ದ ಜಡ್ಡು ಎಂದು ಕಂಡಾಗ ಮೊದಲ ಸಲ ನಕ್ಕಳು. ಜ್ವರ ಇಳಿದ ಮೇಲೆ ಊರಿಗೆ ಹೋದಳು.

ನಮ್ಮ ಸುರಂಗವನ್ನು ಕೆಲವು ವರ್ಷಗಳಲ್ಲಿ ಮುಚ್ಚಿದರು. ನಾವು ಹುಡುಕಿದ ಆ ಒಡೆತವನ್ನು ನಾನು ಇದ್ದಷ್ಟು ಕಾಲ ಯಾರೂ ಕಾಣಲಿಲ್ಲ. ಈಗ ಸೇರುವ ನಿಮ್ಮಲ್ಲಿ ಯಾರಾದರೂ ಕಾಣಬಹುದು, ಕಂಡರೆ ಸಂತೋಷ. ಪುಸ್ತಕದಲ್ಲಿ ಎಲ್ಲವನ್ನೂ ಬರೆಯಿರಿ, ಕೈ ಒರೆಸಿಕೊಂಡ ಬಟ್ಟೆಯನ್ನೂ. ನಿಯಮ ಹೇಳಿದವರನ್ನು ಯಾಕೆ ಎಂದು ಕೇಳಿ. ಯಂತ್ರ ಹೇಳಿದ್ದನ್ನು ಮನುಷ್ಯರಿಗೆ ಹೇಳುವ ಮುಂಚೆ ನೀರು ಕುಡಿದು, ಒಂದು ದಿನ ಸುಮ್ಮನಿರಿ.

ದಡಾರ ಹೋಗಿ ನಾಲ್ಕು ತಿಂಗಳಿಗೆ, ಬಾಣಂತನ ಮುಗಿಸಿಕೊಂಡು ಗಿರಿಜಾ ಒಂದು ಮಧ್ಯಾಹ್ನ ಬಂದಳು. ಜೊತೆಗೆ ನೀಲವ್ವ, ಕೈಯಲ್ಲಿ ನಾನು ಕೊಟ್ಟಿದ್ದ ಆರು ಕಬ್ಬಿಣದ ಗುಂಡುಗಳ ಚೀಲ. ಮಗ್ಗ ಮತ್ತೆ ಶುರುವಾಗುತ್ತದೆ, ನಮ್ಮ ಸೀಸ ನಮಗೆ ಕೊಡಿ ಎಂದು ನೀಲವ್ವ ಕೇಳಿದಳು. ಪರೀಕ್ಷೆಗೆ ಒಯ್ದ ಆರನ್ನೂ ಬೂದಿಯಿಲ್ಲದಂತೆ ತೊಳೆದು ಇಟ್ಟಿದ್ದೆ, ತಂದುಕೊಟ್ಟೆ. ತೊಟ್ಟಿಲಿನ ಏಳನೆಯದನ್ನು ಬಿಚ್ಚಲು ನಾನು ಬಗ್ಗಿದೆ. ಗಿರಿಜಾ ನನ್ನನ್ನು ತಡೆದಳು. ಕಸ್ತೂರಿಗೆ ಹೇಳಿ ನನ್ನ ಮಗಳನ್ನು ಎತ್ತಿಸಿದಳು. ತನ್ನ ಸೆರಗಿನೊಳಗಿಂದ ಎರಡು ತಿಂಗಳ ಕೂಸನ್ನು ತೆಗೆದು, ಗುಂಡು ಕಟ್ಟಿದ ಹಲಗೆಯ ಮೇಲೆ ನಿಧಾನಕ್ಕೆ ಮಲಗಿಸಿದಳು. ನಾನು ಅವಳ ಕೈಯನ್ನೇ ನೋಡುತ್ತಿದ್ದೆ. ಅದು ನಡುಗಲಿಲ್ಲ.